ಹಳೆ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನಿಂದ ಮೋಟಾರು ತಿರುಗಿಸುವುದು

ಶಿರಸಿಯಲ್ಲಿ ಒಂದು ಭಾನುವಾರ ಹೈಸ್ಕೂಲು ಮಕ್ಕಳು, ಅವರ ಮಾಸ್ತರು, ಅಕ್ಕೋರು, ಸುಮ್ನೆ ನೋಡಿ ಹೋಗೋಣ ಎಂದು ಬಂದ ಊರಿನವರು ಎಲ್ಲ ಕೂತಿದ್ದಾಗ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಮೇಜಿನ ಮೇಲೆ ಕೈಯಲ್ಲಿ ತೋರಿಸಿದ್ದು ಬರಹದಲ್ಲಿ ಕಾಣುವುದಿಲ್ಲ, ಹಾಗಾಗಿ ಅಲ್ಲಲ್ಲಿ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಕಾರವಾರದಿಂದ ಹೊರಟು ಈ ಸಿಪಿಯು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ದೇವಿಮನೆ ಘಟ್ಟದ ಒಂದೊಂದು ತಿರುವಿನಲ್ಲೂ ಒಳಗಿನ ಹಾರ್ಡ್ ಡಿಸ್ಕಿಗೆ ಏನಾಯಿತೋ ಎಂದು ಜೀವ ಹಿಡಿದುಕೊಂಡಿದ್ದೆ. ಈಗ ಆನ್ ಮಾಡಿದೆ, ಪರದೆ ಬಂತು. ಇದು ಪೆಂಟಿಯಮ್ 3 ಕಾಲದ್ದು. ಇದರಲ್ಲಿ ಇವತ್ತಿನ ವೆಬ್‌ಸೈಟು ತೆರೆಯುವುದಿಲ್ಲ, ವಿಡಿಯೊ ಓಡುವುದಿಲ್ಲ. ಗುಜರಿಯವರು ಇದನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಇದರ ಹಿಂದೆ ಒಂದು ಸಾಕೆಟ್ ಇದೆ. ನಾನು ಬಂದದ್ದು ಅದೊಂದನ್ನು ತೋರಿಸಲು.

ನೋಡಿ, ಗುಲಾಬಿ ಬಣ್ಣದ್ದು, ಉದ್ದಕ್ಕಿದೆ, ಮೇಲಿನ ಸಾಲಿನಲ್ಲಿ 13 ತೂತು, ಕೆಳಗೆ 12. ಪ್ರಿಂಟರ್ ಪೋರ್ಟು. 1981ರಲ್ಲಿ ಐಬಿಎಂ ಕಂಪನಿಯ ಮೊದಲ ಪಿಸಿ ಬಂದಾಗಿನಿಂದ ಈ ಆಕಾರ ಹೀಗೇ ಇದೆ. ಯುಎಸ್‌ಬಿ ಬಂದ ಮೇಲೆ ಮೆಲ್ಲಗೆ ಮಾಯವಾಯಿತು. ಈಗಿನ ಲ್ಯಾಪ್‌ಟಾಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇದರಲ್ಲಿ ಎರಡನೇ ಪಿನ್ನಿನಿಂದ ಒಂಬತ್ತನೇ ಪಿನ್ನಿನವರೆಗೆ ಎಂಟು ತಂತಿ, ಪ್ರಿಂಟರಿಗೆ ಅಕ್ಷರ ಕಳಿಸುವುದಕ್ಕೆ. 18ರಿಂದ 25ರವರೆಗೆ ಎಲ್ಲ ಗ್ರೌಂಡ್, ಅಂದರೆ ಕರೆಂಟು ವಾಪಸು ಹೋಗುವ ದಾರಿ. ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಅಂದರೆ 65. ಅದನ್ನು ಕಳಿಸಿದಾಗ ಈ ಎಂಟು ತಂತಿಗಳಲ್ಲಿ ಮೊದಲನೆಯದು ಮತ್ತು ಏಳನೆಯದು 5 ವೋಲ್ಟಿಗೆ ಏರುತ್ತವೆ, ಉಳಿದವು ಸೊನ್ನೆಯ ಹತ್ತಿರ ಇರುತ್ತವೆ. ಯಾಕೆಂದರೆ ಮೊದಲ ತಂತಿಯ ಬೆಲೆ 1, ಆಮೇಲೆ 2, 4, 8, 16, 32, 64, 128. ಒಂದೂ ಅರವತ್ನಾಲ್ಕೂ ಸೇರಿದರೆ 65.

ಎಂಟು ಎಲ್‌ಇಡಿ ಹಾಕಿದ್ದೇನೆ, ಕರೆಂಟು ಮಿತಿ ಮೀರದ ಹಾಗೆ ಒಂದೊಂದಕ್ಕೂ ಒಂದು ಕಿಲೋ ಓಮ್ ರೆಸಿಸ್ಟರು. ಡಾಸ್‌ನಲ್ಲಿ ಕ್ಯೂಬೇಸಿಕ್ ತೆರೆದು, ಅದು ಪ್ರೋಗ್ರಾಂ ಬರೆಯುವ ಒಂದು ಹಳೆ ಭಾಷೆ, ಒಂದೇ ಸಾಲು ಬರೆಯುತ್ತೇನೆ. ಔಟ್ 888, 65. ಬಂತಾ? ಒಂದು, ಏಳು. ಎರಡು ದೀಪ. 888 ಅನ್ನುವುದು ಆ ಪೋರ್ಟಿನ ಮನೆ ನಂಬರು. ಕಂಪ್ಯೂಟರಿನ ಸೆಟಪ್ಪಿನಲ್ಲಿ ಅದನ್ನು ಹದಿನಾರರ ಲೆಕ್ಕದಲ್ಲಿ 378 ಎಂದು ಬರೆದಿರುತ್ತಾರೆ, ಎರಡೂ ಒಂದೇ. ಈಗ ಮುಂದೆ ಕೂತಿರುವ ತಂಗಿ ಒಂದು ಸಂಖ್ಯೆ ಹೇಳಲಿ. 255? ಸರಿ, ಎಂಟೂ ಹತ್ತಿದವು. ಸೊನ್ನೆ ಕೊಟ್ಟೆ, ಎಲ್ಲ ಆರಿದವು.

ನನಗೆ ಈ ಯಂತ್ರದ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ. ನಾನು ಒಂದು ಸಂಖ್ಯೆ ಬರೆದೆ, ತಂತಿಯಲ್ಲಿ ವೋಲ್ಟು ಬಂತು. ನಡುವೆ ಯಾರೂ ಇಲ್ಲ. ಡ್ರೈವರು ಇಲ್ಲ, ಲೈಬ್ರರಿ ಇಲ್ಲ, ಇಂಟರ್ನೆಟ್ ಇಲ್ಲ. ಹಗಲಿಡೀ ಮೊಬೈಲು ಹಿಡಿಯುವ ಮಗುವಿಗೆ ಕಂಪ್ಯೂಟರ್ ಅಂದರೆ ಪರದೆ ಅಂತಲೇ ಗೊತ್ತು, ಅಲ್ವಾ? ಪರದೆ ಬಿಟ್ಟು ಹೊರಗೆ ಬಂದು ಒಂದು ತಂತಿಯನ್ನು ಎಬ್ಬಿಸುವ ಶಕ್ತಿ ಅದಕ್ಕಿದೆ ಎಂದು ತೋರಿಸುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ನಾನಂತೂ ಕಂಡಿಲ್ಲ.

ಇನ್ನು ಮೋಟಾರು. ದೀಪ ಹತ್ತಿತಲ್ಲ, ಹಾಗೇ ಮೋಟಾರಿನ ಎರಡು ತಂತಿಯನ್ನೂ ಇಲ್ಲಿಗೇ ಸಿಕ್ಕಿಸಿದರಾಯಿತು ಎಂದು ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತ್ತು. ಕಾಲೇಜು ಮುಗಿಸಿದ ವರ್ಷ ಆಟದ ಕಾರಿನ ಮೋಟಾರನ್ನು ಎರಡನೇ ಪಿನ್ನಿಗೂ ಗ್ರೌಂಡಿಗೂ ನಡುವೆ ಹಾಕಿದೆ. ಮೋಟಾರು ಮಿಸುಕಲೂ ಇಲ್ಲ. ಎರಡು ಮೂರು ಸಲ ತೆಗೆದು ಹಾಕಿದೆ. ಆ ಮೇಲೆ ಆ ಪಿನ್ನು ಏನು ಬರೆದರೂ ಸೊನ್ನೆಯಲ್ಲೇ ಉಳಿಯಿತು. ಪೋರ್ಟು ಮದರ್‌ಬೋರ್ಡಿನಲ್ಲೇ ಸೇರಿಕೊಂಡಿರುತ್ತದೆ, ಬದಲಿಸಲು ಬರುವುದಿಲ್ಲ. ಮನೆಯಲ್ಲಿ ಇದ್ದ ಒಂದೇ ಕಂಪ್ಯೂಟರು ಅದು. ಅಪ್ಪ ಏನೂ ಹೇಳಲಿಲ್ಲ, ಆದರೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಲೆಕ್ಕ ನೋಡಿದರೆ ಕಾರಣ ಸುಲಭ. ಮೊದಲ ಪಿಸಿಯ ಈ ಪೋರ್ಟು ಒಂದು ಪಿನ್ನಿನಿಂದ ಹೊರಗೆ ಕೊಡಬಹುದಾದದ್ದು 2.6 ಮಿಲಿಆಂಪು. ಆಮೇಲಿನವು ಸ್ವಲ್ಪ ಜಾಸ್ತಿ ಕೊಡುತ್ತವೆ, ಆದರೂ ಮಿಲಿಆಂಪಿನ ಲೆಕ್ಕವೇ. ಆಟಿಕೆ ಮೋಟಾರು ಆರಾಮಾಗಿ ತಿರುಗುವಾಗಲೇ ನೂರು ಇನ್ನೂರು ಮಿಲಿಆಂಪು ಎಳೆಯುತ್ತದೆ. ಚಕ್ರ ಎಲ್ಲಾದರೂ ಸಿಕ್ಕಿಕೊಂಡು ನಿಂತರೆ ಅದರ ಎಷ್ಟೋ ಪಟ್ಟು.

ಯಕ್ಷಗಾನ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಭಾಗವತರು ಕುಣಿಯುವುದಿಲ್ಲ. ಅವರು ಪದ ಹೇಳುತ್ತಾರೆ, ತಾಳ ಹಾಕುತ್ತಾರೆ, ಯಾವಾಗ ಎತ್ತಬೇಕು ಯಾವಾಗ ನಿಲ್ಲಿಸಬೇಕು ಎಂಬುದು ಅವರ ಕೈಯಲ್ಲಿ. ಕುಣಿಯುವ ಕಸುವು ವೇಷಧಾರಿಯ ಕಾಲಿನದು. ಪೋರ್ಟು ಭಾಗವತರ ಜಾಗದಲ್ಲಿ ಕೂರಬೇಕು. ಮೋಟಾರಿಗೆ ಕಸುವು ಬೇರೆ ಕಡೆಯಿಂದ ಬರಬೇಕು.

ಆ ಬೇರೆ ಕಡೆ ಯಾವುದು ಅಂದರೆ, ಇನ್ನೊಂದು ಹಾಳಾದ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ. ಹಸಿರು ತಂತಿಯನ್ನು ಯಾವುದಾದರೂ ಕಪ್ಪು ತಂತಿಗೆ ಮುಟ್ಟಿಸಿದರೆ ಅದು ಮದರ್‌ಬೋರ್ಡ್ ಇಲ್ಲದೆಯೂ ಚಾಲೂ ಆಗುತ್ತದೆ. ಹಳದಿಯಲ್ಲಿ 12 ವೋಲ್ಟು, ಕೆಂಪಿನಲ್ಲಿ 5, ಕಪ್ಪು ಗ್ರೌಂಡ್. ಮಕ್ಕಳೇ, ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಮತ್ತೆ ಹಳದಿ ತಂತಿಗೆ ಒಂದು ಸಣ್ಣ ಫ್ಯೂಸು ಹಾಕಿ, 12 ವೋಲ್ಟು ಅಂದರೆ ಶಾಕ್ ಹೊಡೆಯುವುದಿಲ್ಲ ಸರಿ, ಆದರೆ ಶಾರ್ಟ್ ಆದರೆ ಅದು ತೆಳು ತಂತಿಯ ಪ್ಲಾಸ್ಟಿಕ್ಕನ್ನು ಕರಗಿಸುವಷ್ಟು ಆಂಪಿಯರು ಕೊಡಬಲ್ಲದು.

ಭಾಗವತರಿಗೂ ವೇಷಕ್ಕೂ ನಡುವೆ ಕೂರುವ ಚಿಪ್ಪು ಇದು, ಯು.ಎಲ್.ಎನ್. 2003. ಹದಿನಾರು ಕಾಲು. ಒಳಗೆ ಏಳು ಸ್ವಿಚ್ಚು ಇದೆ ಅಂದುಕೊಳ್ಳಿ. ಎಡಗಡೆ 1ರಿಂದ 7ರವರೆಗಿನ ಕಾಲಿಗೆ ಪೋರ್ಟಿನ ತಂತಿ, ಎದುರಿಗೆ 16ರಿಂದ 10ರವರೆಗೆ ಮೋಟಾರಿನ ತಂತಿ. ಒಂದೊಂದು ಸ್ವಿಚ್ಚೂ 500 ಮಿಲಿಆಂಪಿನವರೆಗೆ ತಡೆಯುತ್ತದೆ, ಆದರೆ ಪೋರ್ಟಿನಿಂದ ಅದು ಕೇಳುವುದು ಒಂದೂವರೆ ಮಿಲಿಆಂಪಿಗಿಂತ ಕಡಿಮೆ. ಎಂಟನೇ ಕಾಲು ಗ್ರೌಂಡಿಗೆ. ಒಂಬತ್ತನೆಯದು ಮೋಟಾರಿನ ಪ್ಲಸ್ಸಿಗೆ.

ಈ ಒಂಬತ್ತನೇ ಕಾಲನ್ನು ಬಹಳ ಜನ ಹಾಗೇ ಬಿಟ್ಟುಬಿಡುತ್ತಾರೆ. ಬಿಟ್ಟರೂ ಮೋಟಾರು ತಿರುಗುತ್ತದೆ, ಅದೇ ತೊಂದರೆ. ಮೋಟಾರಿನ ಸುರುಳಿಗೆ ಹೋಗುತ್ತಿದ್ದ ಕರೆಂಟನ್ನು ಥಟ್ಟನೆ ನಿಲ್ಲಿಸಿದರೆ ಆ ಸುರುಳಿ ಸುಮ್ಮನಾಗುವುದಿಲ್ಲ. ತನ್ನಲ್ಲಿದ್ದದ್ದನ್ನು ದೊಡ್ಡ ವೋಲ್ಟೇಜಾಗಿ ವಾಪಸು ಎಸೆಯುತ್ತದೆ. ಬೋರ್‌ವೆಲ್ ಪೈಪಿನ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು ಧಡ್ ಎಂದು ಒದೆಯುತ್ತದಲ್ಲ, ಹಾಗೆ. ಆ ಏಟನ್ನು ಬೇರೆ ದಾರಿಯಲ್ಲಿ ಹರಿಸುವ ಡಯೋಡುಗಳು, ಅಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗಗಳು, ಈ ಚಿಪ್ಪಿನೊಳಗೇ ಇವೆ. ಒಂಬತ್ತನೇ ಕಾಲು ಅವಕ್ಕೆ ಬಾಗಿಲು. ಬಾಗಿಲು ಮುಚ್ಚಿದ್ದರೆ ಇವತ್ತಲ್ಲ ನಾಳೆ ಚಿಪ್ಪು ಸಾಯುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ಆಗುತ್ತದೆ. ಕಂಪ್ಯೂಟರಿನ ಗ್ರೌಂಡೂ ಮೋಟಾರಿನ ಎಸ್‌ಎಂಪಿಎಸ್ಸಿನ ಗ್ರೌಂಡೂ ಒಂದು ತಂತಿಯಿಂದ ಸೇರಿರಬೇಕು. ಸೇರಿಸದಿದ್ದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ಮೋಟಾರು ಮಾತ್ರ ಒಮ್ಮೆ ನಡುಗಿ ಒಮ್ಮೆ ನಿಂತು ತನ್ನಿಷ್ಟದಂತೆ ಆಡುತ್ತದೆ. ನನ್ನ ಹತ್ತಿರ ಬರುವ ಮಕ್ಕಳ ಯಂತ್ರಗಳಲ್ಲಿ ನಾನು ಮೊದಲು ಹುಡುಕುವುದು ಈ ಒಂದು ತಂತಿಯನ್ನೇ.

ಯಾವ ಮೋಟಾರು? ಹೊಸದು ಕೊಳ್ಳಬೇಡಿ, ಈಗಲೇ ಬೇಡ. ಕಚೇರಿಗಳು ಹೊರಗೆ ಹಾಕುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಇದೆಯಲ್ಲ, ಕರ್ ಕರ್ ಎಂದು ಬಿಲ್ಲು ಹೊಡೆಯುವುದು, ಅದು ಬಂಗಾರದ ಗಣಿ. ಒಳಗೆ ಎರಡು ಸ್ಟೆಪರ್ ಮೋಟಾರು ಸಿಗುತ್ತವೆ, ಉಕ್ಕಿನ ಸರಳು, ಹಲ್ಲಿನ ಬೆಲ್ಟು, ಗಿಯರು. ಸ್ಟೆಪರನ್ನು ನಾನು ಹೆಜ್ಜೆ ಮೋಟಾರು ಎನ್ನುತ್ತೇನೆ. ಮಾಮೂಲಿ ಮೋಟಾರು ಕರೆಂಟು ಕೊಟ್ಟರೆ ಓಡುತ್ತಲೇ ಇರುತ್ತದೆ, ಎಷ್ಟು ಓಡಿತು ಎಂದು ಗೊತ್ತಾಗುವುದಿಲ್ಲ. ಇದು ಹಾಗಲ್ಲ, ಒಂದು ಸಲ ಹೇಳಿದರೆ ಒಂದೇ ಹೆಜ್ಜೆ ಇಟ್ಟು ನಿಲ್ಲುತ್ತದೆ. ಮೈಮೇಲೆ 1.8 ಡಿಗ್ರಿ ಎಂದು ಬರೆದಿದ್ದರೆ 200 ಹೆಜ್ಜೆಗೆ ಒಂದು ಸುತ್ತು.

ಕೈಗೆ ಸಿಕ್ಕಿದ್ದು ಹೆಜ್ಜೆ ಮೋಟಾರೇ ಹೌದಾ ಎಂದು ತಿಳಿಯಲು ಮೀಟರೂ ಬೇಡ. ಬೆರಳಿನಿಂದ ತಿರುಗಿಸಿ, ಹಗುರಾಗಿ ಕಟಕಟ ಎಂದು ತಡೆದು ತಡೆದು ತಿರುಗುತ್ತದೆ. ಈಗ ಎರಡೆರಡು ತಂತಿಯ ತುದಿಯನ್ನು ಒಟ್ಟಿಗೆ ಮುಟ್ಟಿಸಿ ಮತ್ತೆ ತಿರುಗಿಸಿ. ಆ ಎರಡು ಒಂದೇ ಸುರುಳಿಯವಾದರೆ ತಕ್ಷಣ ಗಟ್ಟಿಯಾಗುತ್ತದೆ. ಬನ್ನಿ ತಮ್ಮಾ, ನೀನು ತಿರುಗಿಸು. ಗೊತ್ತಾಯಿತಾ? ನೀನು ತಿರುಗಿಸಿದಾಗ ಅದು ಕರೆಂಟು ಹುಟ್ಟಿಸುತ್ತದೆ, ದಾರಿ ಸಿಕ್ಕಿದ ಕೂಡಲೇ ಆ ಕರೆಂಟೇ ನಿನ್ನ ಬೆರಳಿಗೆ ಅಡ್ಡ ನಿಲ್ಲುತ್ತದೆ. ಕದ್ರಾ ಅಣೆಕಟ್ಟಿನ ಕೆಳಗೆ ಕಾಳಿ ನೀರು ಮಾಡುವ ಕೆಲಸವನ್ನೇ ನೀನು ಬೆರಳಲ್ಲಿ ಮಾಡಿದೆ.

ಆರು ತಂತಿ ಇದ್ದರೆ ನಮ್ಮ ಚಿಪ್ಪಿಗೆ ಸರಿಹೋಗುತ್ತದೆ. ಮೀಟರಿನಲ್ಲಿ ಓಮ್, ಅಂದರೆ ಸುರುಳಿ ಕರೆಂಟಿಗೆ ಒಡ್ಡುವ ತಡೆ, ನೋಡಿ. ಒಂದು ಸುರುಳಿಯ ಎರಡು ತುದಿಗಳ ನಡುವೆ ಎಷ್ಟು ಬರುತ್ತದೋ, ತುದಿಗೂ ನಡುವಿನ ತಂತಿಗೂ ಅದರ ಅರ್ಧ ಬರುತ್ತದೆ. ನಡುವಿನ ಎರಡೂ ತಂತಿ 12 ವೋಲ್ಟಿಗೆ. ಉಳಿದ ನಾಲ್ಕು ಚಿಪ್ಪಿಗೆ. ನಾಲ್ಕೇ ತಂತಿ ಇರುವ ಮೋಟಾರಿಗೆ, ಉದಾಹರಣೆಗೆ ಸಣ್ಣ ಫ್ಲಾಪಿ ಡ್ರೈವಿನಲ್ಲಿ ಇರುವುದಕ್ಕೆ, ಕರೆಂಟನ್ನು ಹಿಂದೆ ಮುಂದೆ ಎರಡೂ ಕಡೆ ಹರಿಸಬೇಕು. ಅದಕ್ಕೆ ಎಲ್ 293ಡಿ ಚಿಪ್ಪು ಬೇಕು, ಇವತ್ತು ಅದರ ಸುದ್ದಿ ಬೇಡ.

ಈಗ ತಾಳ. 888ಕ್ಕೆ ಒಂದಾದ ಮೇಲೆ ಒಂದು ಬರೆಯುವುದು 1, 2, 4, 8. ಮತ್ತೆ 1, 2, 4, 8. ಅಷ್ಟೇ ಪದ. ಒಂದೊಂದು ಸಂಖ್ಯೆಗೂ ಒಂದೊಂದು ಸುರುಳಿ ಎಚ್ಚರವಾಗಿ ನಡುವಿನ ಅಯಸ್ಕಾಂತವನ್ನು ತನ್ನ ಕಡೆ ಎಳೆಯುತ್ತದೆ. ತಿರುಗದೆ ಬರೀ ನಡುಗುತ್ತಿದೆಯಾ? ಚಿಪ್ಪಿಗೆ ಹೋದ ನಾಲ್ಕರಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಅದಲು ಬದಲು ಮಾಡಿ. ಹಿಂದಕ್ಕೆ ಹೋಗಬೇಕಾ? 8, 4, 2, 1. ಬಲ ಸಾಲದಿದ್ದರೆ 3, 6, 12, 9 ಕೊಡಿ, ಆಗ ಯಾವಾಗಲೂ ಎರಡು ಸುರುಳಿ ಒಟ್ಟಿಗೆ ಎಳೆಯುತ್ತವೆ. ಕರೆಂಟು ಎರಡರಷ್ಟಾಗುತ್ತದೆ, ಮೋಟಾರು ಬಿಸಿಯಾಗುತ್ತದೆ. ಎರಡನ್ನೂ ಹೆಣೆದು 1, 3, 2, 6, 4, 12, 8, 9 ಎಂದು ಕೊಟ್ಟರೆ ಅರ್ಧರ್ಧ ಹೆಜ್ಜೆ. ನಡಿಗೆ ನುಣುಪು.

ಲಯ ಎಲ್ಲಿಂದ ತರುವುದು ಎಂಬುದು ಕಷ್ಟದ ಮಾತು. ಕ್ಯೂಬೇಸಿಕ್ಕಿನ ಗಡಿಯಾರ ಸೆಕೆಂಡಿಗೆ ಸುಮಾರು 18 ಸಲ ಮಾತ್ರ ಬಡಿಯುತ್ತದೆ. ಹೆಜ್ಜೆಗೆ 55 ಮಿಲಿಸೆಕೆಂಡಿಗಿಂತ ಬೇಗ ಬೇಕಾದರೆ ಅದು ಉಪಯೋಗಕ್ಕಿಲ್ಲ. ಆಗ ಸುಮ್ನೆ ಹತ್ತು ಸಾವಿರ ಎಣಿಸು ಎಂದು ಕಂಪ್ಯೂಟರಿಗೆ ಹೇಳಿ ಕಾಯಿಸುವುದು. ಒಂದು ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸರಿಹೋದರೆ ಇನ್ನೊಂದರಲ್ಲಿ ಲಕ್ಷ ಬೇಕಾಗುತ್ತದೆ. ಕೂತು ಹೊಂದಿಸಬೇಕು.

ಹೊಂದಿಸುವಾಗ ಆತುರ ಮಾಡಿದರೆ ಮೋಟಾರು ಹೆಜ್ಜೆ ತಪ್ಪುತ್ತದೆ. ಲೋಡು ತುಂಬಿದ ಲಾರಿ ಘಟ್ಟದ ನಡುವೆ ನಿಂತು ಮತ್ತೆ ಹೊರಡುವಾಗ ಮೊದಲ ಗೇರಿನಲ್ಲೇ ಹೊರಡುತ್ತದೆ. ಇದೂ ಅಷ್ಟೇ, ನಿಧಾನ ಶುರು ಮಾಡಿ ಬರಬರುತ್ತಾ ವೇಗ ಏರಿಸಬೇಕು, ನಿಲ್ಲಿಸುವಾಗಲೂ ಇಳಿಸುತ್ತಾ ಬರಬೇಕು. ಹೆಜ್ಜೆ ತಪ್ಪಿದ್ದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಮೋಟಾರು ನಿಂತಲ್ಲೇ ಗುಂಯ್ ಎನ್ನುತ್ತಿದ್ದರೂ ಅದು 500 ಹೆಜ್ಜೆ ಆಯಿತು ಎಂದು ನಂಬಿ ಮುಂದೆ ಹೋಗುತ್ತದೆ. ಅದಕ್ಕೇ ಶುರುವಿನ ಜಾಗದಲ್ಲಿ ಒಂದು ಸಣ್ಣ ಸ್ವಿಚ್ಚು ಇಡಬೇಕು. ಪೋರ್ಟಿನಲ್ಲಿ ಒಳಗೆ ಓದುವ ಪಿನ್ನೂ ಐದಿವೆ, 10, 11, 12, 13, 15. ಪ್ರಿಂಟರು ಕಾಗದ ಮುಗಿಯಿತು, ನಾನು ಕೆಲಸದಲ್ಲಿದ್ದೇನೆ ಎಂದೆಲ್ಲ ಹೇಳಲು ಇದ್ದವು. 889 ನಂಬರಿನಿಂದ ಓದಿದರೆ ಅವುಗಳ ಸ್ಥಿತಿ ಸಿಗುತ್ತದೆ. 11ನೇ ಪಿನ್ನು ಮಾತ್ರ ತಿರುಗಾ ಮುರುಗಾ ಓದುತ್ತದೆ, ಅದನ್ನು ಕೊನೆಗೆ ಬಳಸಿ.

ಈಗ ಮೇಜಿನ ಮೇಲಿನ ಈ ಯಂತ್ರ. ಇದು ಅದೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅದರ ಬೋರ್ಡು ತೆಗೆದೆ, ಮುದ್ರಿಸುವ ತಲೆ ತೆಗೆದು ಆ ಜಾಗಕ್ಕೆ ಸ್ಕೆಚ್ ಪೆನ್ನು ಕಟ್ಟಿದೆ. ಒಂದು ಮೋಟಾರು ಪೆನ್ನನ್ನು ಅಡ್ಡಕ್ಕೆ ಒಯ್ಯುತ್ತದೆ, ಇನ್ನೊಂದು ಕಾಗದವನ್ನು ಮೇಲೆ ಕೆಳಗೆ ಎಳೆಯುತ್ತದೆ. ಒಂದಕ್ಕೆ ನಾಲ್ಕು ತಂತಿ, ಇನ್ನೊಂದಕ್ಕೆ ನಾಲ್ಕು. ನಮ್ಮ ಎಂಟು ತಂತಿಗೆ ಸರಿಯಾಗಿ ಕೂತವು. ಒಂದು ಚಿಪ್ಪಿನಲ್ಲಿ ಏಳೇ ಸ್ವಿಚ್ಚು, ಹಾಗಾಗಿ ಚಿಪ್ಪು ಎರಡು. ಮೊದಲ ಮೋಟಾರಿಗೆ 3, ಎರಡನೆಯದಕ್ಕೆ 12 ಕೊಡಬೇಕಾದರೆ, ಎರಡನೆಯದನ್ನು ಹದಿನಾರರಿಂದ ಗುಣಿಸಿ ಕೂಡಿಸುವುದು. 192ಕ್ಕೆ 3 ಸೇರಿಸಿದರೆ 195. ಒಂದೇ ಸಂಖ್ಯೆಯಲ್ಲಿ ಎರಡೂ ಮೋಟಾರಿಗೆ ಮಾತು ಹೋಯಿತು. ಪೆನ್ನು ಎತ್ತಿ ಇಳಿಸಲು ಪೋರ್ಟಿನ 16ನೇ ಪಿನ್ನಿನಿಂದ ಒಂದು ಸೊಲೆನಾಯ್ಡ್, ಅಂದರೆ ಕರೆಂಟು ಕೊಟ್ಟರೆ ಕಬ್ಬಿಣದ ಸರಳನ್ನು ಎಳೆಯುವ ಸುರುಳಿ. ಆ ಪಿನ್ನಿನ ಮನೆ ನಂಬರು 890. ಈಗ ಅದು ಚುಕ್ಕಿ ರಂಗೋಲಿ ಬರೆಯುತ್ತಿದೆ ನೋಡಿ. ಗೆರೆ ಅಲ್ಲಲ್ಲಿ ಸೊಟ್ಟ ಇದೆ. ಬೆಲ್ಟು ಸಡಿಲ.

ಮೋಟಾರಿಗೆ ಕೊಡುವ 12 ವೋಲ್ಟಿಗೆ ಬೇರೆ ಸ್ವಿಚ್ಚು ಇಡಿ, ಕಂಪ್ಯೂಟರು ಪೂರ್ತಿ ಎದ್ದ ಮೇಲೆಯೇ ಅದನ್ನು ಹಾಕಿ. ಕಂಪ್ಯೂಟರು ಏಳುವಾಗ ಪ್ರಿಂಟರು ಇದೆಯಾ ಎಂದು ಹುಡುಕಲು ಈ ಪಿನ್ನುಗಳನ್ನೆಲ್ಲ ಕದಲಿಸುತ್ತದೆ, ಯಂತ್ರದ ತೋಳು ಹೇಳದೆ ಕೇಳದೆ ಬೀಸಿಬಿಡುತ್ತದೆ. ಪ್ರೋಗ್ರಾಂ ಮುಗಿಯುವಾಗ ಮರೆಯದೆ ಸೊನ್ನೆ ಬರೆಯಿರಿ, ಇಲ್ಲದಿದ್ದರೆ ಕೊನೆಯ ಸಂಖ್ಯೆ ಪೋರ್ಟಿನಲ್ಲಿ ಹಾಗೇ ನಿಂತು ಸುರುಳಿ ಸುಡುವಷ್ಟು ಬಿಸಿಯಾಗುತ್ತದೆ. ನಮ್ಮ ಕಾರವಾರದ ಕಡೆ ಉಪ್ಪು ಗಾಳಿಗೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಒಂದು ಮಳೆಗಾಲ ಸುಮ್ಮನೆ ಇಟ್ಟ ಯಂತ್ರ ಕೆಲಸ ಮಾಡದಿದ್ದರೆ ಮೊದಲು ಕನೆಕ್ಟರು ಉಜ್ಜಿ, ಆಮೇಲೆ ಪ್ರೋಗ್ರಾಂ ನೋಡಿ. ಗುಡುಗು ಕೇಳಿಸಿದರೆ ಪ್ಲಗ್ಗೇ ತೆಗೆಯಿರಿ.

ಮಾತು ಮುಗಿದ ಮೇಲೆ ಒಳ್ಳೆಯ ಪ್ರಶ್ನೆಗಳು ಬಂದವು.

ಒಬ್ಬ ಮಾಸ್ತರು ಕೇಳಿದ್ದು, ವಿಂಡೋಸ್ ಎಕ್ಸ್‌ಪಿ ಇದ್ದರೆ ಆಗುತ್ತದಾ ಎಂದು. ವಿಂಡೋಸ್ 98ರವರೆಗೆ ನೇರ ಬರೆಯಬಹುದು. ಎಕ್ಸ್‌ಪಿ ನಮ್ಮ ಪ್ರೋಗ್ರಾಮನ್ನು ಪೋರ್ಟಿನ ಹತ್ತಿರ ಬಿಡುವುದಿಲ್ಲ, ಇನ್‌ಪೌಟ್ 32 ಎಂಬ ಸಣ್ಣ ಫೈಲು ನಡುವೆ ಬೇಕು. ಲಿನಕ್ಸಿನಲ್ಲಿ ರೂಟ್ ಆಗಿ, ಅಂದರೆ ಕಂಪ್ಯೂಟರಿನ ಯಜಮಾನನ ಅಧಿಕಾರದಲ್ಲಿ, ಅನುಮತಿ ಕೇಳಿ ಬರೆಯಬಹುದು. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಒಂದು ಎಚ್ಚರ, ಡಾಸ್ ಕಾಲದ ಟರ್ಬೋ ಸಿಯಲ್ಲಿ ಮೊದಲು ಪೋರ್ಟಿನ ನಂಬರು, ಆಮೇಲೆ ಕಳಿಸುವ ಸಂಖ್ಯೆ. ಲಿನಕ್ಸಿನಲ್ಲಿ ಅದು ಉಲ್ಟಾ. ಒಂದರಿಂದ ನಕಲು ಮಾಡಿ ಇನ್ನೊಂದರಲ್ಲಿ ಹಾಕಿ ಒಂದು ಸಂಜೆ ಪೂರ್ತಿ ಕಳೆದವರಿದ್ದಾರೆ. ಆದರೆ ವಿಂಡೋಸಾಗಲಿ ಮಾಮೂಲಿ ಲಿನಕ್ಸಾಗಲಿ ನಡುನಡುವೆ ಬೇರೆ ಕೆಲಸಕ್ಕೆ ಹೋಗಿ ಬರುತ್ತದೆ, ತಾಳ ತಪ್ಪುತ್ತದೆ. ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ಸಾಫ್ಟ್‌ವೇರು ಇದೇ ಪೋರ್ಟಿನಿಂದ ನಿಜವಾದ ಲೇತು, ಮಿಲ್ಲಿಂಗ್ ಯಂತ್ರ ಓಡಿಸುತ್ತದೆ, ಅದು ಸಮಯಕ್ಕೆ ಸರಿಯಾಗಿ ಕೆಲಸ ಮಾಡಲು ತಯಾರಾದ ಬೇರೆ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬಳಸುತ್ತದೆ.

ಒಬ್ಬ ಹುಡುಗಿ ಕೇಳಿದಳು, ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟು ಮಾಡುವ ಕೇಬಲ್ ಸಿಗುತ್ತದಲ್ಲ ಅಣ್ಣಾ, ಅದು? ಅದು ಪ್ರಿಂಟರಿಗೆ ಮಾತ್ರ. ಅದರಲ್ಲಿ 888 ಎಂಬ ಮನೆಯೇ ಇಲ್ಲ. ಕೊಳ್ಳಬೇಡ.

ಕೊನೆಗೆ ಹಿಂದೆ ಕೂತಿದ್ದ ಒಬ್ಬ ಅಡಿಕೆ ತೋಟದ ಹಿರಿಯರು ಎದ್ದು, "ಅಂಗಳದಲ್ಲಿ ಚಾಲಿ ಒಣಗಿಸಿರ್ತೇವೆ, ಮಳೆ ಬಂದ ಕೂಡಲೇ ತಾಡಪಲ್ ಎಳೆಯೋ ಹಾಗೆ ಮಾಡಲಿಕ್ಕೆ ಬರ್ತದಾ?" ಎಂದು ಕೇಳಿದರು. ಆ ದಿನದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಚಾಲಿ ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ. ತಿಂಗಳಿಗೂ ಮೇಲೆ ಬಿಸಿಲು ಕಾಯುವ ಅದಕ್ಕೆ ಅಕಾಲದಲ್ಲಿ ನೀರು ಬಿದ್ದರೆ ಏನಾಗುತ್ತದೆ ಎಂದು ಶಿರಸಿಯಲ್ಲಿ ನಾನು ಹೇಳಬೇಕಾಗಿಲ್ಲ. ಬರುತ್ತದೆ ಎಂದೆ. ಹತ್ತಿರ ಹತ್ತಿರ ಇಟ್ಟ ಎರಡು ತಂತಿಯ ಮೇಲೆ ಹನಿ ಬಿದ್ದರೆ ಒಂದು ಟ್ರಾನ್ಸಿಸ್ಟರು ಎಚ್ಚರವಾಗಿ ಪೋರ್ಟಿನ 15ನೇ ಪಿನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಎಳೆಯಲು ಗುಜರಿ ಜೀಪಿನ ವೈಪರ್ ಮೋಟಾರು. ಅದು ಹಲವು ಆಂಪಿಯರು ಎಳೆಯುತ್ತದೆ, ನಮ್ಮ ಚಿಪ್ಪು ತಡೆಯುವುದಿಲ್ಲ, ಹಾಗಾಗಿ ಚಿಪ್ಪಿನಿಂದ ಎರಡು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಒತ್ತಿಕೊಳ್ಳುವ ದೊಡ್ಡ ಸ್ವಿಚ್ಚು, ರಿಲೇಯಿಂದ ಮೋಟಾರು, ಒಂದು ಎಳೆಯಲು ಒಂದು ಬಿಡಲು. ಎರಡೂ ತುದಿಯಲ್ಲಿ ನಿಲ್ಲಿಸುವ ಸ್ವಿಚ್ಚು.

ಅವರು ಮತ್ತೆ ಕೇಳಿದರು, "ಮಳೆ ಬಂದಾಗಲೇ ಕರೆಂಟು ಹೋಗ್ತದಲ್ಲ?"

ಹೌದು. ಅಲ್ಲಿಗೆ ಈ ಹಳೆ ಕಂಪ್ಯೂಟರು ನಿಲ್ಲುತ್ತದೆ. ತಿಂಗಳುಗಟ್ಟಲೆ ಹಗಲೂ ರಾತ್ರಿ ಇದನ್ನು ಉರಿಸಿಡುವುದೂ ಸರಿಯಲ್ಲ, ಅಷ್ಟು ಕರೆಂಟು ತಿನ್ನುತ್ತದೆ. ಅಂಗಳದಲ್ಲಿ ಇಡಬೇಕಾದದ್ದು ಬೈಕಿನ ಬ್ಯಾಟರಿಯಲ್ಲಿ ನಡೆಯುವ ಆರ್ಡುಯಿನೊದಂಥ ಸಣ್ಣ ಬೋರ್ಡು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಆ ಬೋರ್ಡಿನ ಕಾಲುಗಳೂ ಮಿಲಿಆಂಪಿನವೇ, ಅದರ ಮುಂದೆ ಕೂರುವುದು ಇದೇ ಚಿಪ್ಪು, ಇದೇ ಒಂಬತ್ತನೇ ಕಾಲು, ಇದೇ ಗ್ರೌಂಡ್ ತಂತಿ. ಹಾಗಾಗಿ ಮೊದಲು ಈ ಡಬ್ಬಿಯ ಮೇಲೆ ರಿಲೇ, ಸ್ವಿಚ್ಚು, ಹನಿ ಹಿಡಿಯುವ ತಂತಿ ಎಲ್ಲ ಹಚ್ಚಿ ನೋಡೋಣ, ಸರಿ ಬಂದ ಮೇಲೆ 25 ಪಿನ್ನಿನ ಕನೆಕ್ಟರು ಕಿತ್ತು ಬೋರ್ಡಿಗೆ ಹಚ್ಚೋಣ ಎಂದೆ. ಮನೆಯಲ್ಲಿ ಹಳೇ ಜೀಪಿನ ವೈಪರ್ ಮೋಟಾರು ಇದೆ, ತರುತ್ತೇನೆ ಎಂದರು. ತಾಡಪಲ್ಲಿನ ಉದ್ದ ಎಷ್ಟು, ಮಳೆ ಬಿದ್ದಾಗ ಎಷ್ಟು ಭಾರ ಆಗುತ್ತದೆ ಎಂದು ಅಳೆದು ತನ್ನಿ ಎಂದು ಅವರ ಮೊಮ್ಮಗನಿಗೆ ಹೇಳಿ ಕಳಿಸಿದ್ದೇನೆ.